ಭಾವನ ಆದಾಯದ ಮಿತಿ

ಜುಲೈ ಮೂವತ್ತನೇ ತಾರೀಖು, ಮಂಗಳವಾರ ರಾತ್ರಿ.

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಭಾವ ಎಲ್ಲರೆದುರು ಮತ್ತೆ ಶುರುಮಾಡಿದ: "ಮೇಷ್ಟ್ರೇ, ನಿಮ್ಮ ಸಂಬಳ ನೋಡಿದ್ರೆ ತೆರಿಗೆಯೋರೇ ಕಣ್ಣೀರು ಹಾಕ್ತಾರೆ. ನಿಮಗ್ಯಾಕ್ರೀ ರಿಟರ್ನ್ ಸಲ್ಲಿಸೋ ಚಟ?"

"ಸಂಬಳದಲ್ಲಿ ಹಿಡಿದ ತೆರಿಗೆ ವಾಪಸ್ ಬರುತ್ತೆ ಭಾವ."

"ನಾನಂತೂ ಸಲ್ಲಿಸಲ್ಲಪ್ಪ. ವಿಮೆ, ಉಳಿತಾಯ ಎಲ್ಲ ಕಳೆದ್ರೆ ನಾನೂ ತೆರಿಗೆ ಮಿತಿಯೊಳಗೇ!" ಎಂದು ತೇಗಿದ.

ಮಿತಿ ನೋಡುವುದು ಕಳೆಯುವ ಮುಂಚಿನ ಆದಾಯಕ್ಕೆ, ಮಹಾರಾಯ! ರಿಟರ್ನ್ ಸಲ್ಲಿಸೋಕೆ ನಾಳೆಯೇ ಕೊನೆಯ ದಿನ, ತಪ್ಪಿದರೆ ದಂಡ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಹೊರಡುವಾಗ ಅಕ್ಕ, "ಅವರ ಮಾತು ಮನಸ್ಸಿಗೆ ಹಚ್ಕೋಬೇಡ ಕಣೋ" ಅಂದಳು. ದಂಡದ ಬಿಸಿ ಪಾಪ ಇವಳಿಗೂ ತಟ್ಟುತ್ತದೆ. ಭಾವನಿಗೆ ಹೇಳಲೇಬೇಕು. ಹೇಳುತ್ತೇನೆ.

ನಾಡಿದ್ದು.