ಚಹಾ ಆರುವ ತನಕ

ಬೀದರ
14 ಜುಲೈ 2024

ಪ್ರೀತಿಯ ಅಕ್ಕ ಮಹಾಮಾಯಾಗೆ ನಿನ್ನ ತಂಗಿ ಕೌಸಿಯ ಜೈಭೀಮ್.

ನಾವಿಲ್ಲಿ ಕ್ಷೇಮ, ನೀವೆಲ್ಲ ಸಂತಪುರದಲ್ಲಿ ಕ್ಷೇಮವೆಂದು ನಂಬಿದ್ದೇನೆ. ಪತ್ರ ತಡವಾಯಿತು, ಎಷ್ಟು ಬೈಯಬೇಕೋ ಅಷ್ಟು ಬೈದುಬಿಡು. ನಿನ್ನ ಮೊಮ್ಮಗ ಗೌರವ ಮೊನ್ನೆ ಫೋನ್ ಮಾಡಿ, ಅಜ್ಜಿ ದಿನಾ ಟಪಾಲು ಬಂತೇನೆಂದು ಕೇಳುತ್ತಾಳೆ ಎಂದ. ನನಗೆ ನಾಚಿಕೆಯಾಯಿತು. ಏನು ಮಾಡೋಣ, ಬೇವಿನ ಗಿಡದಿಂದ ಬಿದ್ದು ನಿನ್ನ ಎಡಗಿವಿ ಚಿಕ್ಕಂದಿನಲ್ಲೇ ಹೋಯಿತು, ಬಲಗಿವಿಯೂ ಈಗ ವಯಸ್ಸಿನ ನೆಪ ಹೇಳುತ್ತಿದೆ. ಫೋನಿನಲ್ಲಿ ನಾನು ಕೂಗಿಕೊಂಡರೆ ನಮ್ಮ ಓಣಿಗೆಲ್ಲ ಕೇಳಿಸುತ್ತದೆ, ನಿನಗೊಬ್ಬಳಿಗೆ ಕೇಳಿಸುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೂ ಈ ಕಾಗದವೇ ಗತಿ.

ತಡವಾದದ್ದಕ್ಕೆ ಕಾರಣವಿದೆ, ನಗಬೇಡ. ನರ್ಸ್ ಕೆಲಸದಿಂದ ನಿವೃತ್ತಳಾದ ನಿನ್ನ ತಂಗಿ ಈಗ ದೆವ್ವದ ಕಥೆ ಬರೆಯುತ್ತಿದ್ದಾಳೆ.

ಬೀದರ, ಭಾಲ್ಕಿ, ಔರಾದ ಕಡೆಯ ಕೆಲವು ಮಂದಿ ಸೇರಿ 'ಕತ್ತಲ ಬಳಗ' ಎಂದು ಮಾಡಿಕೊಂಡಿದ್ದಾರೆ. ಭಯದ ಕಥೆ, ವಿಲಕ್ಷಣ ಕಥೆ ಬರೆಯುವವರು. ದಿನವೆಲ್ಲ ವಾಟ್ಸಾಪಿನಲ್ಲಿ ಹರಟೆ, ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಓದು. ನಡೆಸುವವರು ಭಾಲ್ಕಿಯ ವಿಜಯಶ್ರೀ. ಕಾಲೇಜಿನಲ್ಲಿ ಕಲಿಸುತ್ತಾರೆ, ಹಣೆ ತುಂಬ ವಿಭೂತಿ. ಬೆಳಿಗ್ಗೆ ವಚನ ಹೇಳಿ, ಮಧ್ಯಾಹ್ನ ರಕ್ತ ಹೆಪ್ಪುಗಟ್ಟುವ ಕಥೆ ಬರೆಯುತ್ತಾರೆ. ಇಲ್ಲಿ ಬೀದರದಲ್ಲಿ ಔಷಧಿ ಅಂಗಡಿ ಇಟ್ಟಿರುವ ಅಬ್ದುಲ ಸಮದ ಸಾಹೇಬರು ಜಿನ್ನುಗಳ ಕಥೆ ಬರೆಯುತ್ತಾರೆ. ಅವರ ಜಿನ್ನುಗಳಿಗೆ ಅದಬು ಬಹಳ, ಬಾಗಿಲು ತಟ್ಟದೆ ಒಳಗೆ ಬರುವುದಿಲ್ಲ.

ಇಂಥವರೆಂದರೆ ಕೆಂಪು ಕಣ್ಣಿನವರು ಇರಬಹುದು ಎಂದು ಹೆದರಿಕೊಂಡೇ ಹೋಗಿದ್ದೆ. ಅಷ್ಟು ನಗುವ ಮಂದಿಯನ್ನು ನಾನು ಮದುವೆ ಮನೆಯಲ್ಲೂ ಕಂಡಿಲ್ಲ. ಒಬ್ಬರ ಕಥೆಯ ಹೆಣಕ್ಕೆ ಇನ್ನೊಬ್ಬರು ಸಲಹೆ ಕೊಡುತ್ತಾರೆ. ಎರಡನೇ ಪುಟಕ್ಕೇ ಎದ್ದು ಕೂತರೆ ಹೇಗೆ, ಸ್ವಲ್ಪ ಹೊತ್ತು ಮಲಗಿರಲಿ ಎನ್ನುತ್ತಾರೆ. ದೆವ್ವದ ಕಥೆಗೂ ವಿಲಕ್ಷಣ ಕಥೆಗೂ ಏನು ಫರಕು ಎಂದು ನಾನು ಸಮದ ಸಾಹೇಬರನ್ನು ಕೇಳಿದೆ. ಅವರು ಟೋಪಿ ತೆಗೆದು, ತಲೆ ಸವರಿ, ಮತ್ತೆ ಹಾಕಿಕೊಂಡರು.

"ದೆವ್ವ ಬಂದು ಹೋದ್ರ ಅದು ದೆವ್ವದ ಕಥಿರಿ, ನರ್ಸ್ ಬಾಯಿಯವರ. ಇರಬಾರದ್ದೊಂದು ಎಲ್ಲಾರ ಕಣ್ಣ ಮುಂದ ದಿನಾ ಇದ್ದೇ ಇರ್ತದಲ್ಲ, ಅದು ವಿಲಕ್ಷಣರಿ."

ಈ ಬಳಗಕ್ಕೊಂದು ಪದ್ಧತಿಯಿದೆ. ಓದುವ ಮುಂಚೆ ಕೇಳುವವರೆಲ್ಲರ ಮುಂದೆ ಸುಡುಸುಡು ಚಹಾ ಇಡುತ್ತಾರೆ. ಕುಡಿಯಿರಿ ಎನ್ನುವಂತಿಲ್ಲ, ಬಿಡಿ ಎನ್ನುವಂತಿಲ್ಲ. ಕಥೆ ಮುಗಿದಾಗ ಚಹಾ ಮುಟ್ಟದೆ ಆರಿ, ಕೆನೆಗಟ್ಟಿದ್ದರೆ ಕಥೆ ಪಾಸು, ಅವರ ವರ್ಷದ ಪುಸ್ತಕಕ್ಕೆ ಹೋಗುತ್ತದೆ. ಕಪ್ಪು ಖಾಲಿಯಾಗಿದ್ದರೆ ಬರೆದವರು ಮನೆಗೆ ಹೋಗಿ ಮತ್ತೆ ಬರೆಯಬೇಕು.

ನನ್ನ ಮೊದಲ ಓದು ಸಮದ ಸಾಹೇಬರ ಮನೆಯಲ್ಲಾಯಿತು. ಆಸ್ಪತ್ರೆಯ ಖಾಲಿ ಮಂಚದ ಕಥೆ, ನಿನಗೆ ಒಮ್ಮೆ ಹೇಳಿದ್ದೆ. ಅರ್ಧಕ್ಕೆ ಬಂದಾಗ ತಲೆಯೆತ್ತಿ ನೋಡಿದೆ. ಒಬ್ಬರೂ ಕಪ್ಪು ಮುಟ್ಟಿಲ್ಲ. ಅಕ್ಕಾ, ಬಂದವರ ಮುಂದೆ ಚಹಾ ಆರುವುದನ್ನು ನೋಡಿಕೊಂಡು ಸುಮ್ಮನೆ ಕೂರಲು ಅವ್ವ ನಮಗೆ ಕಲಿಸಿದ್ದಾಳೇನು? ಕಾಗದ ಕೆಳಗಿಟ್ಟು, "ಚಹಾ ಆರ್ಲತ್ತದ, ಮದಲ ಕುಡೀರಿ" ಎಂದುಬಿಟ್ಟೆ. ಹಿರಿಯ ಹೆಂಗಸಿನ ಮಾತು ಮೀರಲಾಗದೆ ಎಲ್ಲರೂ ಗಟಗಟ ಕುಡಿದರು. ಆಮೇಲೆ ವಿಜಯಶ್ರೀಯವರು ನಕ್ಕು ನಕ್ಕು ಗೋಡೆಗೆ ಒರಗಿದರು. ತನ್ನ ಕಥೆಯನ್ನು ತಾನೇ ಕೊಂದವರು ಈ ಬಳಗದಲ್ಲಿ ನಾನೇ ಮೊದಲಂತೆ.

ಬಳಗದವರು ನಕ್ಕರೆ ಸರಿ, ನಮ್ಮ ಮಾಸ್ತರರು ನಗುವುದಿಲ್ಲ. ನನ್ನ ಗಂಡನಿಗೆ ಮಚ್ಛೇಂದ್ರ ಎಂಬ ಹೆಸರಿದೆ ಎನ್ನುವುದನ್ನೇ ಮಂದಿ ಮರೆತಿದ್ದಾರೆ, ಮಾಸ್ತರರೆಂದರೆ ಮಾಸ್ತರರೇ. ನಿನಗೆ ಗೊತ್ತಲ್ಲ, ಸಾಲೆಯಲ್ಲಿ ವಿಜ್ಞಾನ ಕಲಿಸಿ, ರಜೆಯಲ್ಲಿ ಹಳ್ಳಿಹಳ್ಳಿ ತಿರುಗಿ, ದೆವ್ವವಿಲ್ಲ ಎಂದು ತೋರಿಸಲು ಸ್ಮಶಾನದಲ್ಲಿ ಚಾಪೆ ಹಾಸಿ ಮಲಗಿ ಬಂದವರು. ನನ್ನ ಹಾಳೆಗಳು ಕಣ್ಣಿಗೆ ಬಿದ್ದ ದಿನ ಅವರಿಗೆ ಊಟ ಸೇರಲಿಲ್ಲ.

"ನಮ್ಮ ಮಂದಿ ತಲಿಯಾಗಿನ ದೆವ್ವ ತೆಗೀಲಿಕ್ಕ ನನ್ನ ಆಯುಷ್ಯ ಹೋಯ್ತು. ನೀ ಅದನ್ನ ಕೈ ಹಿಡದು ಮನಿಗಿ ಕರಕೊಂಡು ಬರ್ಲತ್ತಿ" ಎಂದರು.

ಅವರ ಸಂಕಟ ನನಗೆ ತಿಳಿಯುತ್ತದೆ. ಆದರೆ ಬಿಡುವ ಮನಸ್ಸೂ ಇಲ್ಲ, ಅಕ್ಕಾ. ಮಕ್ಕಳ ಸಾಲೆ, ಡ್ಯೂಟಿ, ಅಡುಗೆ ಎಂದು ಇಷ್ಟು ವರ್ಷ ಓಡಿದ ಮೇಲೆ ನನ್ನದೆಂದು ಸಿಕ್ಕ ಸುಖ ಇದೊಂದೇ. ಕೊನೆಗೆ ನಾನೇ ಶರತ್ತು ಹಾಕಿದೆ. ಸೆಪ್ಟೆಂಬರಿನ ಓದು ಭಾಲ್ಕಿಯಲ್ಲಿ. ಅವರು ಬಂದು ಕೇಳಬೇಕು. ಅವರ ಕಪ್ಪು ಖಾಲಿಯಾದರೆ ನಾನು ಬಳಗ ಬಿಡುತ್ತೇನೆ, ಆರಿದರೆ ಅವರು ಇನ್ನು ನನ್ನ ಕಥೆಯ ತಂಟೆಗೆ ಬರಬಾರದು. ಮಾಸ್ತರರು ತಕ್ಷಣ ಒಪ್ಪಿದರು. ಯಾಕೆ ಒಪ್ಪುವುದಿಲ್ಲ? ಒಲೆಯಿಂದಿಳಿಸಿದ ಚಹಾವನ್ನು ಸಾಸರಿಗೆ ಸುರಿದು ಸರ್ರನೆ ಎಳೆಯುವವರು, ಜನ್ಮದಲ್ಲಿ ತಣ್ಣನೆಯ ಚಹಾ ಕಂಡವರಲ್ಲ.

ಯಾವ ಕಥೆ ಓದಲಿ ಎಂದು ಯೋಚಿಸುತ್ತಿದ್ದೇನೆ. ನಮ್ಮ ತವರೂರಿನ ಬಾವಿಯ ದೆವ್ವ ನಿನಗೆ ನೆನಪಿದೆಯಾ? ಮುಖವಿಲ್ಲ, ಕಾಲಿಲ್ಲ, ಬರೀ ದನಿ. 'ಅಲ್ಲೇ ನಿಂದ್ರು' ಎನ್ನುತ್ತದೆ, ನಿಲ್ಲದಿದ್ದರೆ ಹಿಡಿಯುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅದರ ಬಗ್ಗೆ ನಿನಗೆ ಗೊತ್ತಿರುವುದನ್ನೆಲ್ಲ ಬರೆದು ಕಳಿಸು.

ನಿನ್ನ ಕೌಸಿ

•

ಬೀದರ
24 ಸೆಪ್ಟೆಂಬರ್ 2024

ಪ್ರೀತಿಯ ಅಕ್ಕನಿಗೆ ಜೈಭೀಮ್.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮತ್ತೆ ತಡಮಾಡಿದೆ, ಆದರೆ ಈ ಸಲ ಗೆದ್ದ ಮೇಲೇ ಬರೆಯಬೇಕೆಂದು ಹಟ ಹಿಡಿದಿದ್ದೆ. ಗೆದ್ದೆ, ಅಕ್ಕಾ!

ನೀನು ಹೊಲದ ತೊಗರಿ, ಗೌರವನ ಪರೀಕ್ಷೆ, ನಿನ್ನ ಮಂಡಿನೋವು ಎಲ್ಲ ಬರೆದಿದ್ದೆ. ಬಾವಿಯ ದೆವ್ವದ ಬಗ್ಗೆ ಕೇಳಿದ್ದಕ್ಕೆ ಮಾತ್ರ ಏನೂ ಬರೆಯಲಿಲ್ಲ. ಮರೆತಿರಬೇಕೆಂದುಕೊಂಡು ನನಗೆ ನೆನಪಿದ್ದಷ್ಟರಿಂದಲೇ ಕಥೆ ಕಟ್ಟಿದೆ. ಹೀಗಿದೆ ನೋಡು. ಊರ ಬಾವಿ ಬತ್ತಿ, ಹೂಳು ತುಂಬಿ ಹೋಗಿದೆ. ದೆವ್ವಕ್ಕೆ ಇರಲು ಜಾಗವಿಲ್ಲ. ಅದು ಬೋರಿನ ಪಂಪಿಗೆ ಬರುತ್ತದೆ, ಆಮೇಲೆ ಓಣಿಯ ನಲ್ಲಿಗೆ. ಆ ಊರಿನ ಹುಡುಗಿಯೊಬ್ಬಳು ಓದಿ, ನೌಕರಿ ಹಿಡಿದು, ಬೀದರದಲ್ಲಿ ಸ್ವಂತ ಮನೆ ಕಟ್ಟಿಸುತ್ತಾಳೆ. ಮಾಳಿಗೆ ಮೇಲೆ ಸ್ವಂತ ನೀರಿನ ಟಾಕಿ, ಒಳಗೆ ಸ್ವಂತ ನಲ್ಲಿ. ಒಂದು ಮಧ್ಯಾಹ್ನ ಬಾಯಾರಿ, ಗ್ಲಾಸು ಹಿಡಿದು, ನಲ್ಲಿ ತಿರುವುತ್ತಾಳೆ. ನೀರು ಬರುವುದಿಲ್ಲ. ಪೈಪಿನ ಒಳಗಿನಿಂದ ದನಿ ಬರುತ್ತದೆ, "ಅಲ್ಲೇ ನಿಂದ್ರು."

ಬರೆದ ದಿನ ಹಗಲು ಹೊತ್ತಿನಲ್ಲೇ ನಮ್ಮ ನಲ್ಲಿ ತಿರುವಲು ನಾನೇ ಹೆದರಿದೆ. ಎಷ್ಟು ಖುಷಿಯಾಯಿತು ಗೊತ್ತಾ?

ಭಾನುವಾರ ಭಾಲ್ಕಿಯ ಬಸ್ಸು ಹಿಡಿದೆವು. ನನಗೆ ಹೆಂಗಸರ ಪುಕ್ಕಟೆ ಸೊನ್ನೆ ಟಿಕೇಟು, ಮಾಸ್ತರರಿಗೆ ದುಡ್ಡು ಕೊಟ್ಟು ಟಿಕೇಟು. ಸೋಲುವುದಕ್ಕೆ ನಾನೇ ಖರ್ಚು ಮಾಡಬೇಕೇನು ಎಂದು ಗೊಣಗಬೇಕಾದವರು, ಗೆದ್ದೇ ಗೆಲ್ಲುತ್ತೇನೆಂದು ಗತ್ತಿನಿಂದ ಕೂತಿದ್ದರು. ವಿಜಯಶ್ರೀಯವರ ಮನೆಯಲ್ಲಿ ಜಮಖಾನೆ ಹಾಸಿ, ಕಿಟಕಿಗೆಲ್ಲ ಹೊದಿಕೆ ಕಟ್ಟಿ ಕತ್ತಲು ಮಾಡಿ, ಓದಲು ನನ್ನ ಮುಂದೊಂದು ದೀಪ ಇಟ್ಟಿದ್ದರು. ಸಮದ ಸಾಹೇಬರು ನಮ್ಮ ಶರತ್ತನ್ನು ಎಲ್ಲರಿಗೂ ಹೇಳಿಬಿಟ್ಟಿದ್ದರು. ಮಾಸ್ತರರಿಗೆ ಮುಂದಿನ ಸಾಲಿನಲ್ಲಿ ಜಾಗ, ಶುಂಠಿ ಹಾಕಿದ ಚಹಾ. ವಾಸನೆ ನನ್ನ ತನಕ ಬರುತ್ತಿತ್ತು. ಇದು ಮೋಸ ಎಂದು ನಾನು ಹೇಳಿ ನೋಡಿದೆ, ಯಾರೂ ಕೇಳಲಿಲ್ಲ.

ಈ ಸಲ ತಲೆಯೆತ್ತಲಿಲ್ಲ. ಎತ್ತಿದರೆ ಮತ್ತೆ ಕುಡೀರಿ ಎಂದುಬಿಡುತ್ತೇನೆ ಎಂಬ ಹೆದರಿಕೆ. ಮೊದಲ ಪುಟದಲ್ಲೇ ಮಾಸ್ತರರು ಸಾಸರಿಗೆ ಚಹಾ ಸುರಿದ ಸದ್ದು ಕೇಳಿ, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಸರ್ರನೆ ಎಳೆಯುವ ಸದ್ದಿಗಾಗಿ ಕಾಯುತ್ತಲೇ ಓದಿದೆ. ಅದು ಬರಲಿಲ್ಲ. ಕೊನೆಯ ಸಾಲು ಓದಿ ಕಾಗದ ಮಡಚಿದರೂ ಬರಲಿಲ್ಲ.

ಆಮೇಲೆ ನೋಡಿದೆ. ಮಾಸ್ತರರು ತುಂಬಿದ ಸಾಸರನ್ನು ತುಟಿಯ ತನಕ ಒಯ್ದು, ಹಾಗೇ ಹಿಡಿದುಕೊಂಡು ಕೂತಿದ್ದರು. ಮೇಲೆ ಕೆನೆ ಕಟ್ಟಿತ್ತು. ಅವರ ಕಣ್ಣಲ್ಲಿ ನೀರಿತ್ತು, ಅಕ್ಕಾ. ನಾನು, "ಆರಿತು ನೋಡ್ರಿ" ಎಂದೆ. ಚಪ್ಪಾಳೆ, ನಗು, ಗದ್ದಲ. ಸಮದ ಸಾಹೇಬರು ಎದ್ದು ಬಂದು ಮಾಸ್ತರರ ಕೈಯಿಂದ ಸಾಸರು ಬಿಡಿಸಿದರು. ಆರಿದ ಚಹಾವನ್ನೆಲ್ಲ ಅಂಗಳದ ದಾಸವಾಳದ ಬುಡಕ್ಕೆ ಸುರಿದು, ಪದ್ಧತಿಯಂತೆ ಹೊಸ ಚಹಾ ಮೊದಲು ನನಗೆ ಕೊಟ್ಟರು. ಜೀವಮಾನದಲ್ಲಿ ಅಷ್ಟು ರುಚಿಯ ಚಹಾ ನಾನು ಕುಡಿದಿಲ್ಲ.

ಅದೇ ಹೊತ್ತಿಗೆ ವಿಜಯಶ್ರೀಯವರು ನನ್ನ ಪಕ್ಕ ಕೂತು, ಬೇರೆಯವರಿಗೆ ಕೇಳಿಸದಂತೆ ಒಂದು ಮಾತು ಹೇಳಿದರು.

"ನಮ್ಮೂರಾಗೂ ಹಿಂಥಾ ಬಾವಿ ಇತ್ತರಿ, ಬಾಯಿಯವರ. ನಾವು ದಿನಾ ಹೋಗಿ ನೀರ ಸೇದತಿದ್ದೆವು. ಅಲ್ಲಿ ದೆವ್ವ ಅದ ಅಂತ ನಮಗ ಯಾರೂ ಹೇಳಿರಲಿಲ್ಲ."

ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ.

ವಾಪಸು ಬರುವಾಗ ಮಾಸ್ತರರು ಕಂಡಕ್ಟರ್ ಕೇಳದಿದ್ದರೂ ಅವನಿಗೆ ಹೇಳಿದರು, "ನಮ್ಮ ಮನಿಯಾಕಿ ಕಥಿ ಬರೀತಾಳ್ರಿ. ಕೇಳಿದ್ರ ಚಹಾ ಆರ್ತದ." ಕಂಡಕ್ಟರ್ ನನ್ನ ಮುಖ ನೋಡಿ, ಸೊನ್ನೆ ಟಿಕೇಟು ಕೊಟ್ಟು ಬೇಗ ಮುಂದೆ ಹೋದ. ಮರುದಿನ ಅವರು ಪೇಟೆಯಿಂದ ರೂಲು ಹಾಳೆಯ ದೊಡ್ಡ ಕಟ್ಟು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಇಷ್ಟು ದಿನ ದೆವ್ವವಿಲ್ಲ ಎಂದಷ್ಟೇ ಹೇಳಿಕೊಂಡು ತಿರುಗಿದೆ, ಇನ್ನು ನೀನು ಬರೆ, ನಾನು ಊರೂರಿಗೆ ಒಯ್ದು ಓದುತ್ತೇನೆ ಎಂದರು. ಈಗ ನಾನು ಒಗ್ಗರಣೆ ಹಾಕುವಾಗಲೂ ಬಂದು, ಇವತ್ತು ಎಷ್ಟು ಬರೆದಿ ಎಂದು ಕೇಳುತ್ತಾರೆ. ಮೊದಲಿನ ಸಿಟ್ಟೇ ವಾಸಿಯಿತ್ತು ಅನಿಸುತ್ತದೆ ಒಮ್ಮೊಮ್ಮೆ.

ಪುಸ್ತಕ ಡಿಸೆಂಬರಿನಲ್ಲಿ ಬರುತ್ತದೆ. ಮೊದಲ ಪ್ರತಿ ನಿನಗೆ. ಗೌರವನಿಗೆ ನನ್ನ ಆಶೀರ್ವಾದ ಹೇಳು, ಚೆನ್ನಾಗಿ ಓದಲಿ, ಯಾವ ದನಿಗೂ ನಿಲ್ಲದೆ ಮುಂದೆ ಹೋಗಲಿ. ನಿನ್ನ ಹಾರೈಕೆಯ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಕೌಸಿ

ತಾ.ಕ.: ಅಕ್ಕಾ, ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬಸ್ಸಿನಲ್ಲಿ ಮಾಸ್ತರರು ಕೇಳಿದರು, ಆ ಬಾವಿಯ ದೆವ್ವದ ಮಾತು ನಿನಗೆ ಯಾರು ಹೇಳಿದ್ದು ಎಂದು. ಅವ್ವ ಎಂದೆ. ಯಾವಾಗ ಎಂದರು. ಅಕ್ಕ ಬೇವಿನ ಗಿಡದಿಂದ ಬಿದ್ದು ಕಿವಿ ಹೋಯಿತಲ್ಲ, ಆ ಬೇಸಗೆಯಲ್ಲಿ ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನೀನು ಎಂದೂ ಗಿಡ ಹತ್ತಿದವಳಲ್ಲ, ಹತ್ತುತ್ತಿದ್ದವಳು ನಾನು. ಆ ದಿನ ನೀನು ಕೊಡ ಹಿಡಿದು ಹೋಗಿದ್ದೆ, ಕೊಡ ಮನೆಗೆ ಬರಲಿಲ್ಲ. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಆ ದೆವ್ವದ ಸುದ್ದಿಯೇ ಇರಲಿಲ್ಲ. ನಾನು ನಿನ್ನ ಹಿಂದೆಯೇ ಆ ಬಾವಿಗೆ ಹೋಗಬಾರದೆಂದು ಅವ್ವ ಅದನ್ನು ಕಟ್ಟಿದಳು, ಅಲ್ಲವಾ? ನಾವು ಬಾವಿ ಮುಟ್ಟಿದರೆ ಮನುಷ್ಯರು ಹೊಡೆಯುತ್ತಾರೆ ಎಂದು ನನಗೆ ಹೇಳಲಾರದೆ ದೆವ್ವ ಎಂದಳು. 'ಅಲ್ಲೇ ನಿಂದ್ರು.' ನಿನ್ನ ಎಡಗಿವಿ ಕಡೆಯದಾಗಿ ಕೇಳಿದ ಮಾತು ಇದೇ ಏನು? ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ. ಭಾನುವಾರದ ಬಸ್ಸಿಗೆ ನಾನೇ ಬರುತ್ತೇನೆ, ನಿನ್ನ ಬಲಗಡೆಗೆ ಕೂತುಕೊಳ್ಳುತ್ತೇನೆ.