ಕೂಗಿ ಹೇಳಲಾಗದ ಮಾತುಗಳು

ಮನೆಯಿಂದ,
ನವೆಂಬರ್ ೧೮, ಸೋಮವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ದಿನವೇ ನೀನು ಅಟ್ಟ ಗುಡಿಸಲು ಏಣಿ ಹತ್ತಿದ್ದೆಯಂತೆ. ನಿನ್ನ ಸೊಸೆ ಚಾಡಿ ಹೇಳಿದಳು. ಅವಳನ್ನು ಬೈಯಬೇಡ, ಕೆದಕಿ ಕೇಳಿದ್ದು ನಾನೇ. ನಾನು ಚೆನ್ನಾಗಿದ್ದೇನೆ. ಬೀಪಿ ಮಾತ್ರೆ ಮರೆಯದೆ ನುಂಗುತ್ತೇನೆ, ಸಿಟ್ಟನ್ನೂ ಅದರ ಜೊತೆಗೇ ನುಂಗುತ್ತೇನೆ. ಈ ವಿಷಯ ಫೋನಿನಲ್ಲಿ ಹೇಳೋಣವೆಂದರೆ ಅಳು ಬಂದುಬಿಡುತ್ತದೆ. ಪಕ್ಕದಲ್ಲಿ ನಿನ್ನ ಭಾವ ಇರುತ್ತಾರೆಂಬ ಸಂಕೋಚವೇನೂ ಇಲ್ಲ, ಅವರಿಗೆ ಕೇಳಿಸುವುದಿಲ್ಲ. ವಿಷಯವೇ ಅದು.

ಅವರ ಕಿವಿ ಮಂದವಾಗುತ್ತಿರುವುದು ನಿನಗೆ ಗೊತ್ತು. ಆಯುಷ್ಯವೆಲ್ಲ ಅಚ್ಚುಕೂಟದ ಯಂತ್ರಗಳ ನಡುವೆ ಕಳೆದವರು, ಅಷ್ಟಾದರೂ ಆಗದೆ ಇರುತ್ತದೆಯೇ ಎಂದು ನಾನೂ ಸುಮ್ಮನಿದ್ದೆ. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಔಷಧಿ ತಗೊಳ್ಳಿ, ಇವನ್ನೆಲ್ಲ ಕೂಗಿ ಹೇಳಬಹುದು ತಂಗೀ. ಕೂಗಲಾಗದ ಮಾತುಗಳೇ ಬೇರೆ. ಎದುರುಮನೆಯ ಬೆಕ್ಕು ನಮ್ಮ ಕಿಟಕಿಯಲ್ಲಿ ಮ್ಯಾನೇಜರನ ಹಾಗೆ ಕೂತಿದೆ ಎಂದು ಮೆಲ್ಲಗೆ ಹೇಳಿದರೆ ನಗು ಬರುತ್ತದೆ. ಅದನ್ನೇ ಮತ್ತೆ ಮತ್ತೆ ಕಿರುಚಿದರೆ ಬೆಕ್ಕಿನ ಮೇಲೆ ದೂರು ಕೊಟ್ಟ ಹಾಗಿರುತ್ತದೆ. “ಏನಂದೆ?” ಎನ್ನುತ್ತಾರೆ. “ಏನಿಲ್ಲ ಬಿಡಿ” ಎನ್ನುತ್ತೇನೆ. ನಮ್ಮ ಮನೆಯಲ್ಲಿ ಈಗ ನಡೆಯುವ ಸಂಭಾಷಣೆ ಇಷ್ಟೇ. ಕಿವಿಯ ಮಷೀನು ತಂದುಕೊಟ್ಟರೆ, ಕುಂಯ್ ಎನ್ನುತ್ತದೆ, ತಲೆಯೊಳಗೆ ತಗಡು ಬಡಿದಂತಾಗುತ್ತದೆ ಎಂದು ಡಬ್ಬಿಯಲ್ಲೇ ಮಲಗಿಸಿದರು.

ಸರಿ, ವಯಸ್ಸಾಯಿತು ಎಂದುಕೊಂಡೆ. ಆದರೆ ನಮ್ಮ ಕೆಳಗಿನ ಅಂತಸ್ತಿನಲ್ಲಿ ಹೊಸದಾಗಿ ಬೇಕರಿ ಬಂತು. ಅದನ್ನು ನಡೆಸುವವಳು ನಮಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಮೊಣಕೈವರೆಗೂ ಹಿಟ್ಟು, ದನಿಯೋ ಲಾರಿ ಸ್ಟಾರ್ಟ್ ಆದ ಹಾಗೆ. ನಿನ್ನ ಭಾವ ಬೆಳಿಗ್ಗೆ ಬ್ರೆಡ್ ತರಲು ಇಳಿದರೆ ಬಿಸಿ ಬ್ರೆಡ್ ತಣ್ಣಗಾಗಿ ಮನೆಗೆ ಬರುತ್ತಿತ್ತು. ಒಂದು ದಿನ ಮೊಟ್ಟೆ ಬೇಕೆಂಬ ನೆಪ ಮಾಡಿಕೊಂಡು ನಾನೂ ಇಳಿದೆ. ಬಾಗಿಲಲ್ಲೇ ಕಾಲು ನಿಂತಿತು. ಇವರು ಸ್ಟೂಲಿನ ಮೇಲೆ ಕೂತು ನಗುತ್ತಿದ್ದಾರೆ, ಕಣ್ಣಲ್ಲಿ ನೀರು ಬರುವಷ್ಟು! ಅವಳು ಒಲೆಯ ಕಡೆ ತಿರುಗಿ, ಬೆನ್ನು ಹಾಕಿಕೊಂಡೇ ಏನೋ ಹೇಳುತ್ತಿದ್ದಾಳೆ, ಇವರು ತಕ್ಷಣ ಉತ್ತರ ಕೊಡುತ್ತಿದ್ದಾರೆ. ಒಂದು ಸಲವಾದರೂ “ಏನಂದೆ?” ಇಲ್ಲ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮೊಟ್ಟೆ ತರದೆ ಮೇಲೆ ಬಂದು ಪಾತ್ರೆಗಳನ್ನೆಲ್ಲ ಎರಡನೇ ಸಲ ತೊಳೆದೆ, ಆದಷ್ಟು ಸದ್ದು ಮಾಡಿ. ಆ ಸದ್ದಾದರೂ ಯಾರಿಗೆ ಕೇಳಬೇಕು?

ನಗಬೇಡ. ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚೇ ಎಂದು ನಾನೇ ನನ್ನನ್ನು ಬೈದುಕೊಂಡೆ. ಆದರೂ ಅದೇ ವಾರ ಇವರನ್ನು ಎಳೆದುಕೊಂಡು ಕಿವಿ ಪರೀಕ್ಷೆಗೆ ಹೋದೆ. ನನ್ನ ಮಾತನ್ನು ಇವರು ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲವೆಂದು ಡಾಕ್ಟರ ಬಾಯಲ್ಲಿ ಬರಲಿ ಎಂಬ ಆಸೆ. ಡಾಕ್ಟರಮ್ಮ ಪರೀಕ್ಷೆಯ ಕಾಗದದಲ್ಲಿ ಇಳಿಯುತ್ತ ಹೋಗುವ ಒಂದು ಗೆರೆ ತೋರಿಸಿ, “ದಪ್ಪ ದನಿ ಇನ್ನೂ ಚೆನ್ನಾಗಿ ಕೇಳಿಸುತ್ತೆ ಇವರಿಗೆ. ತೆಳು ದನಿಗಳೇ ಮೊದಲು ಹೋಗೋದು” ಎಂದರು. ನನ್ನ ದನಿ ನಿನಗೆ ಗೊತ್ತಲ್ಲ, ಪಿಳ್ಳಂಗೋವಿ. ಆ ಗೆರೆ ಇಳಿದಿದ್ದ ಗುಂಡಿಯಲ್ಲಿ ನಾನೇ ಬಿದ್ದಿದ್ದೇನೆ ಅನ್ನಿಸಿತು. ಯಾರ ತಪ್ಪೂ ಇಲ್ಲವೆಂದು ತಿಳಿದಮೇಲೆ ಹೊಟ್ಟೆಯುರಿ ಇನ್ನೂ ಹೆಚ್ಚಾಯಿತು. ಜಗಳವಾಡಲು ಒಬ್ಬರೂ ಸಿಗಲಿಲ್ಲ ನೋಡು! ಮನೆಗೆ ಬಂದು ಗಂಟಲು ದಪ್ಪ ಮಾಡಿ, “ಕಾಫಿ ಬೇಕಾ?” ಎಂದೆ. ಇವರು ಗಾಬರಿಯಾಗಿ, “ನೆಗಡಿನಾ? ಬಿಸಿನೀರು ಕುಡಿ” ಎಂದರು.

ಆಮೇಲೆ ಆದದ್ದು ಕೇಳು. ಕಳೆದ ಮಂಗಳವಾರ ಬೇಕರಿಯವಳೇ ನನ್ನನ್ನು ಮೆಟ್ಟಿಲ ಬಳಿ ತಡೆದು, “ಅಕ್ಕಾ, ಯಜಮಾನರನ್ನ ರಸ್ತೆ ದಾಟೋಕೆ ಒಬ್ಬರನ್ನೇ ಬಿಡಬೇಡಿ” ಎಂದಳು. ಹಿಂದಿನ ವಾರ ಹಿಂದಿನಿಂದ ಬಂದ ಬಸ್ಸಿನ ಕೀಚಲು ಹಾರನ್ ಕೇಳಿಸದೆ ಕೂದಲೆಳೆಯಲ್ಲಿ ಉಳಿದರಂತೆ. ಅವಳೇ ಕೂರಿಸಿ ನೀರು ಕೊಟ್ಟಳಂತೆ. ಗೆಳೆಯರ ಇಸ್ಪೀಟಾಟ ಬಿಟ್ಟದ್ದು ಬೆನ್ನುನೋವಿಗಲ್ಲವಂತೆ. ಎಲ್ಲರೂ ನಕ್ಕಾಗ ತಾವೂ ಸುಮ್ಮನೆ ನಕ್ಕು ನಕ್ಕು ಸಾಕಾಗಿ ಬಿಟ್ಟರಂತೆ. ಅಂತೆ, ಅಂತೆ! ನನ್ನ ಗಂಡನ ಸುದ್ದಿಯನ್ನು ನಾನು ಬೇಕರಿಯಲ್ಲಿ ತಿಳಿಯಬೇಕಾಯಿತು. ಬಸ್ಸಿನ ಮಾತು ಕೇಳಿ ಎದೆ ನಡುಗಿದ್ದು ನಿಜ. ಆದರೆ ನಿನ್ನ ಹತ್ತಿರ ಮುಚ್ಚುಮರೆ ಏಕೆ, ಮೊದಲು ಉರಿದದ್ದು ಹೊಟ್ಟೆ.

ಮೇಲೆ ಬಂದವಳೇ ಡಬ್ಬಿಯಿಂದ ಮಷೀನು ತೆಗೆದು ಅವರ ಅಂಗೈಯಲ್ಲಿಟ್ಟೆ. ನನ್ನ ಮುಖ ನೋಡಿ ಕಿವಿಗೆ ಹಾಕಿಕೊಂಡರು. “ಅವಳಿಗೆ ಹೇಳಿದ್ದನ್ನ ನನಗ್ಯಾಕೆ ಹೇಳಲಿಲ್ಲ?” ಎಂದು ಕೇಳಿದೆ. ಅವರು ಹೇಳಿದರು: “ನಿನಗೆ ಹೇಳಿದರೆ ನೀನು ಏನಾದರೂ ಅಂತೀಯ. ನನಗೆ ಕೇಳಿಸಲ್ಲ. ಏನಂದೆ ಅಂತ ಕೇಳಬೇಕು. ಆಗ ನಿನ್ನ ಮುಖದಲ್ಲಿ ದೀಪ ಆರಿದ ಹಾಗಾಗುತ್ತೆ. ಅದು ಮಾತ್ರ ನನಗೆ ಚೆನ್ನಾಗಿ ಕಾಣಿಸುತ್ತೆ.”

ನನ್ನ “ಏನಿಲ್ಲ ಬಿಡಿ” ಅವರಿಗೆ ಅಷ್ಟು ಜೋರಾಗಿ ಕೇಳಿಸುತ್ತಿತ್ತೆಂದು ನಾನೆಲ್ಲಿ ಅಂದುಕೊಂಡಿದ್ದೆ?

ಅಂದಿನಿಂದ ಸಂಜೆ ಕಾಫಿಯ ಹೊತ್ತಿಗೆ ಮಷೀನು ಹಾಕಿಕೊಳ್ಳುತ್ತಾರೆ. ನಾನು ಎದುರಿಗೆ ಕುರ್ಚಿ ಎಳೆದುಕೊಂಡು ಉಪಯೋಗವಿಲ್ಲದ ಮಾತುಗಳನ್ನೆಲ್ಲ ಮೆಲ್ಲಗೆ ಆಡುತ್ತೇನೆ. ನನ್ನ ದನಿ ಚಮಚ ಬಿದ್ದ ಹಾಗೆ ಕೇಳಿಸುತ್ತದಂತೆ. ಇರಲಿ, ಬಿದ್ದದ್ದಾದರೂ ಕೇಳಿಸಿತಲ್ಲ. ತಲೆ ಸಿಡಿಯಲು ಶುರುವಾದರೂ ಕಾಫಿ ಮುಗಿಯುವವರೆಗೆ ತೆಗೆಯುವುದಿಲ್ಲ. ರಸ್ತೆ ದಾಟುವಾಗ ನನ್ನ ತೋಳು ಹಿಡಿಯುತ್ತಾರೆ, ನನ್ನನ್ನೇ ದಾಟಿಸುತ್ತಿರುವಂತೆ ಗತ್ತಿನಿಂದ. ಬೇಕರಿಗೆ ಈಗಲೂ ಹೋಗುತ್ತಾರೆ; ಹೋಗಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅಲ್ಲಿ ಅವರಿಗೆ ಕಷ್ಟಪಡದೆ ನಗು ಸಿಗುತ್ತದೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡ. ಹೋಗಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು, ಸೊಸೆಗೆ ಒಂದು ಮುಷ್ಟಿ ಹೆಚ್ಚು. ಏಣಿಯನ್ನು ಯಾರಿಗಾದರೂ ಕೊಟ್ಟುಬಿಡು. ನಿನ್ನ ಭಾವ ನಿನ್ನನ್ನು ಕೇಳಿದರು.

ಇಂತಿ ನಿನ್ನ,
ಅಕ್ಕ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬರುವ ವಾರ ಬರುತ್ತೇನೆ ಎಂದಿದ್ದೀಯಲ್ಲ, ಖಂಡಿತ ಬಾ. ಆದರೆ ನಿನ್ನದೂ ನಮ್ಮಪ್ಪನ ಹಾಗೆ ದಪ್ಪ ದನಿ. ನೀನು ಬಾಯಿ ತೆರೆದರೆ ಇವರಿಗೆ ಮಷೀನಿಲ್ಲದೆ ಎಲ್ಲ ಕೇಳಿಸುತ್ತದೆ, ಮಷೀನು ಮತ್ತೆ ಡಬ್ಬಿ ಸೇರುತ್ತದೆ. ಆದ್ದರಿಂದ ಸಂಜೆ ಕಾಫಿಯ ಹೊತ್ತಿನಲ್ಲಿ ಮಾತ್ರ ನಿನಗೆ ದಿನಾ ಗಂಟಲು ಕಟ್ಟಿರಲಿ. ನನ್ನಾಣೆ.