ಅಜ್ಜಿಯ ಬಟ್ಟಲು, ಆಸ್ಪತ್ರೆಯ ಪುಡಿ

ಜೇಗಿ ಔಷಧಿ ಪೇಟೆ, ಸಿಯೋಲ್
ನವೆಂಬರ್ ೩, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವ, ಮಗು ಚೆನ್ನಾಗಿದ್ದಾರಾ? ನಿನ್ನ ಕಾಗದ ಬಂದು ತಿಂಗಳಾಯಿತು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು. ಒಳ್ಳೆಯ ಸುದ್ದಿ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ. ನೀನು ಕಳಿಸಿದ ಕಿಮ್ಚಿಯನ್ನು ಅಂಗಡಿಯವರೆಲ್ಲ ಹೊಗಳಿಕೊಂಡು ತಿಂದರು. ನನಗೆ ಖಾರ ಮಾತ್ರ ತಿಳಿಯಿತು.

ಶಾಲೆ ಬಿಟ್ಟೆ, ಬೇಕರಿ ಬಿಟ್ಟೆ, ಕಷಾಯದಂಗಡಿ ಬಿಡುವುದು ಯಾವಾಗ ಎಂದು ಕೇಳಿದ್ದೆಯಲ್ಲ. ಇನ್ನೂ ಇಲ್ಲೇ ಇದ್ದೇನೆ. ಬೇರು ಕೊಚ್ಚುತ್ತೇನೆ, ಕುದಿಸಿದ್ದನ್ನು ಪೊಟ್ಟಣಕ್ಕೆ ತುಂಬುತ್ತೇನೆ. ಪೇಟೆಗೆ ಕಾಲಿಟ್ಟವರೆಲ್ಲ ‘ಆಹಾ, ಏನು ಘಮ’ ಎನ್ನುತ್ತಾರೆ. ನಾನು ಸೀನುತ್ತೇನೆ. ಹುಟ್ಟಿದಾಗಿನಿಂದ ಮುಚ್ಚಿದ ಮೂಗು, ನಿನಗೆ ಗೊತ್ತಲ್ಲ.

ಮೂಗಿನ ಅಲರ್ಜಿಗೆ ನಮ್ಮ ಹಳೆಯ ಕಷಾಯ ನಿಜಕ್ಕೂ ಆಗುತ್ತದೆಯೇ ಎಂದು ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡುತ್ತಿದ್ದರು. ಈ ಸಲ ಮೂಗು ತೆರೆಯಲೇಬೇಕೆಂದು ನಾನೂ ಸೇರಿದೆ. ಅರ್ಧ ಜನರಿಗೆ ಕಷಾಯದ ಪುಡಿ, ಉಳಿದವರಿಗೆ ಅದರಂತೆಯೇ ಕಾಣುವ ಬರಿಯ ಪುಡಿ. ಯಾರಿಗೆ ಯಾವುದು ಎಂದು ಪರೀಕ್ಷೆ ನಡೆಸುವ ಡಾಕ್ಟರ್ ಪ್ಯೊ ಅವರಿಗೂ ತಿಳಿಯದು. ಮುಗಿಯುವ ತನಕ ಬೇರೆ ಔಷಧಿ ಕುಡಿಯುವುದಿಲ್ಲ ಎಂದು ಮಾತು ಕೊಟ್ಟೆ.

ಅಲ್ಲೇ ಎಡವಟ್ಟಾಯಿತು. ಅಂಗಡಿಯ ಒಡತಿ ಮ್ಯಾಂಗ್ ಅಜ್ಜಿ ನನಗೆಂದೇ ಮ್ಯಾಗ್ನೋಲಿಯಾ ಮೊಗ್ಗು ಕುದಿಸಿ, ಬಟ್ಟಲು ಹಿಡಿದು ಬಂದರು. ಹಿರಿಯರು ಕೊಟ್ಟಿದ್ದನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ನಾನು ಕೈ ಹಿಂದೆ ಕಟ್ಟಿಕೊಂಡೆ.

“ಬೇಡ ಅಜ್ಜಿ, ಮಾತು ಕೊಟ್ಟಿದ್ದೀನಿ.”

“ಯಾರಿಗೆ, ಆ ಪುಡಿ ಡಾಕ್ಟ್ರಿಗಾ? ಅವನಪ್ಪನ ಮೂಗು ಸೋರ್ತಿದ್ದಾಗ ಕಷಾಯ ಕಾಸಿ ಕೊಟ್ಟೋಳು ನಾನು!”

“ಗುಟ್ಟಾಗಿ ಕುಡಿದ್ಬಿಡೇ, ಯಾರು ನೋಡ್ತಾರೆ?” ಎಂದರು ನನ್ನ ಜೊತೆ ಬೇರು ಕೊಚ್ಚುವ ಓಕ್ಸುನ್ ಅತ್ತೆ.

“ನಾನು ನೋಡ್ತೀನಲ್ಲ.”

“ಅಬ್ಬಬ್ಬಾ, ಶಾಲೆ ಬಿಟ್ಟೋಳಿಗೆ ಪರೀಕ್ಷೆ ಮೇಲೆ ಅದೇನು ಭಕ್ತಿ!” ಅಜ್ಜಿ ಬಟ್ಟಲನ್ನು ಚರಂಡಿಗೆ ಸುರಿದರು. ಆಮೇಲೆ ನನ್ನೊಡನೆ ಮಾತೇ ಬಿಟ್ಟರು.

ಕಳೆದ ತಿಂಗಳ ಮೊದಲಲ್ಲಿ ಪರೀಕ್ಷೆ ಮುಗಿಯಿತು. ನನಗೆ ಸಿಕ್ಕಿದ್ದು ಬರಿಯ ಪುಡಿ.

“ಬೇಜಾರಾಯ್ತಾ?” ಎಂದರು ಡಾಕ್ಟರ್.

“ಆಯ್ತು ಸಾರ್. ಇಲ್ಲ ಅಂತ ಯಾಕೆ ಹೇಳ್ಲಿ?”

ಅವರು ನಕ್ಕು ಅಸಲಿ ಪುಡಿಯ ಡಬ್ಬಿ ಕೊಟ್ಟರು. ಅದನ್ನು ಚೀಲಕ್ಕೆ ಹಾಕಿಕೊಂಡು ನೇರ ಅಜ್ಜಿಯ ಮುಂದೆ ಬಂದು ಎರಡೂ ಕೈ ಚಾಚಿದೆ. “ಬಂದ್ಲಪ್ಪಾ ಸತ್ಯವಂತೆ” ಎಂದು ಗೊಣಗುತ್ತಲೇ ಒಲೆ ಹಚ್ಚಿದರು.

ತಿಂಗಳಿಡೀ ಎರಡನ್ನೂ ಕುಡಿದೆ. ಯಾವುದರಿಂದಲೋ, ಹೂಪರಾಗದ ಕಾಲ ಮುಗಿದದ್ದರಿಂದಲೋ, ಹೇಳಲಾರೆ. ನಿನ್ನೆ ಬೆಳಿಗ್ಗೆ ಮೂಗು ತೆರೆಯಿತು. ಏನೋ ಒಂದು ಒಳಗೆ ನುಗ್ಗಿ ತಲೆಯ ತನಕ ಹೋಯಿತು. “ಅತ್ತೆ, ಏನಿದು, ಹೀಗೆ?” ಎಂದೆ.

“ಅನ್ನ ಸೀದಿದೆ ಕಣೇ. ಅದಕ್ಯಾಕೆ ಅಳ್ತೀಯ?”

ಮಗುವಿಗೆ ಮುತ್ತು ಕೊಡು. ಎಲ್ಲರೂ ಬೆಚ್ಚಗಿರಿ, ನಿಮ್ಮ ಮನೆಯಲ್ಲಿ ಯಾರಿಗೂ ನನ್ನ ಮೂಗು ಬಾರದಿರಲಿ.

ನಿನ್ನ ತಂಗಿ,
ದಾಸೊಲ್

ತಾ.ಕ.: ಮರೆತಿದ್ದೆ ಎಂದು ಬರೆಯಲಾರೆ, ಇದನ್ನು ಬರೆಯಲೆಂದೇ ಕುಳಿತದ್ದು. ಹೋದ ಚಳಿಗಾಲ ಅಮ್ಮ ತೀರಿಕೊಂಡ ಮೇಲೆ, ಅವಳ ಬಟ್ಟೆ ಸುಡುವ ಮುಂಚೆ ನೀನೂ ಚಿಕ್ಕಮ್ಮನೂ ಒಂದೊಂದನ್ನೇ ಮುಖಕ್ಕೊತ್ತಿಕೊಂಡು ‘ಅವಳದೇ ವಾಸನೆ’ ಎಂದು ಅತ್ತಿರಿ. ನಾನೂ ಒತ್ತಿಕೊಂಡೆ. ಏನೂ ಬರಲಿಲ್ಲ. ಅವಳ ಕತ್ತಿನ ಶಾಲೊಂದನ್ನು ಬೆಂಕಿಗೆ ಹಾಕಲು ಬಿಡದೆ ತಂದು, ಚೀಲದಲ್ಲಿ ಬಿಗಿದಿಟ್ಟಿದ್ದೇನೆ. ಇನ್ನೂ ಬಿಚ್ಚಿಲ್ಲ. ಅಮ್ಮನ ವಾಸನೆ ಹೇಗಿತ್ತು ಅಕ್ಕಾ? ಬೇಗ ಬರೆ. ಚೀಲ ಬಿಚ್ಚಿದಾಗ ಬರುವ ವಾಸನೆ ಅವಳದೋ ಈ ಅಂಗಡಿಯದೋ, ನನಗೆ ಹೇಗೆ ಗೊತ್ತಾಗಬೇಕು?